ತಂಬಾಕಿನ ಬ್ಯಾರನ್ ಪಕ್ಕದಲ್ಲಿ ಉಪಗ್ರಹ ಕೇಳಿದವರು

ಮೇಷ್ಟ್ರು ತೀರಿಕೊಂಡ ಸುದ್ದಿ ಹೋದ ತಿಂಗಳು ಬೆಳಗಿನ ತಿಂಡಿಯ ಹೊತ್ತಿಗೆ ಫೋನಿನಲ್ಲಿ ಬಂತು. ತಿಂಡಿ ಮುಗಿಸಿ, ತಟ್ಟೆ ತೊಳೆದಿಟ್ಟು, ಆಮೇಲೆ ಕುರ್ಚಿಯಲ್ಲಿ ಕುಳಿತು ಅವರನ್ನು ನೆನೆದುಕೊಂಡೆ. ಇದನ್ನು ನೋಡಿದ್ದರೆ ಅವರು ನಗುತ್ತಿದ್ದರು. "ನಿಮ್ಮ ದುಃಖಕ್ಕೂ ಟೈಮ್ ಟೇಬಲ್ ಇದೆ ಕಣ್ರೀ" ಎನ್ನುತ್ತಿದ್ದರೇನೋ.

ಅವರ ಹೆಸರು ಬರೆಯುವುದಿಲ್ಲ. ಮನೆಯವರನ್ನು ಕೇಳಿಲ್ಲ, ಕೇಳದೆ ಬರೆಯುವುದು ಸರಿಯಲ್ಲ. ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದರು. ನಾನು ಆಗ ಹುಣಸೂರಿನಲ್ಲಿ ನೀರಾವರಿ ಕೆಲಸದ ಓವರ್‌ಸಿಯರ್. ಎಪ್ಪತ್ತರ ದಶಕದ ಮೊದಲ ವರ್ಷಗಳು. ಉಪಗ್ರಹದ ಸಹಾಯದಿಂದ ಭೂಮಿಯ ಮೇಲೆ ನಾವು ಎಲ್ಲಿದ್ದೇವೆಂದು ಕಂಡುಹಿಡಿಯುವ ಒಂದು ಯಂತ್ರವನ್ನು ಅವರು ಸ್ವಂತವಾಗಿ ಕಟ್ಟಿದ್ದರು. ಅದನ್ನು ಪರೀಕ್ಷಿಸಲು ಸ್ಥಾನ ಖಚಿತವಾಗಿ ಗೊತ್ತಿರುವ ಒಂದು ಹಳೆಯ ಸರ್ವೆ ಕಲ್ಲು ಬೇಕಿತ್ತು. ಹನಗೋಡಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಬಂಡೆಯ ಮೇಲೆ ಅಂಥ ಕಲ್ಲಿತ್ತು. ಅದನ್ನು ತೋರಿಸಿ, ಅಳತೆಯ ಕೆಲಸದಲ್ಲಿ ನೆರವಾಗು ಎಂದು ಇಲಾಖೆಯಿಂದ ನನಗೆ ಆಜ್ಞೆಯಾಯಿತು.

ಅವರನ್ನು ಮೊದಲು ಕಂಡದ್ದು ಹುಣಸೂರಿನ ಬಸ್ ನಿಲ್ದಾಣದಲ್ಲಿ, ಕಂಡಕ್ಟರನೊಡನೆ ವಾದ ಮಾಡುತ್ತಿದ್ದಾಗ. ತೆಳ್ಳಗಿನ ಆಳು. ಸೈಕಲ್ ಇಲ್ಲದಿದ್ದರೂ ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ಪು. ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿದ ಒಂದು ಉದ್ದನೆಯ ಏರಿಯಲ್.

"ಏನ್ ಸಾರ್ ಇದು, ಬಟ್ಟೆ ಒಣಗಾಕೋದಾ?" ಎಂದ ಕಂಡಕ್ಟರ್.

"ಅಲ್ಲಪ್ಪ, ಆಕಾಶ ಕೇಳೋದು."

"ಹಂಗಾರೆ ಆಕಾಶಕ್ಕೆ ಅರ್ಧ ಟಿಕೆಟ್ ತಗಳಿ. ಟಾಪ್ ಮ್ಯಾಲೆ ಆಕ್ತೀನಿ."

"ಟಾಪ್ ಮೇಲೆ ಬೇಡ, ಬಗ್ಗಿಹೋಗುತ್ತೆ. ಪೂರ್ತಿ ಟಿಕೆಟ್ ಕೊಡು, ಪಕ್ಕದಲ್ಲಿ ಕೂರಿಸ್ಕೋತೀನಿ."

ಹಾಗೇ ಆಯಿತು. ಹನಗೋಡಿನ ತನಕ ಕಿಟಕಿಯ ಸೀಟಿನಲ್ಲಿ ಏರಿಯಲ್ ಕುಳಿತಿತ್ತು. ಅದರ ಪಕ್ಕ ಅವರು, ಅವರ ಪಕ್ಕ ನಾನು. ಸಂತೆಯಿಂದ ಬರುತ್ತಿದ್ದ ಹೆಂಗಸೊಬ್ಬಳು ನಿಂತಿದ್ದನ್ನು ಕಂಡು ತಮ್ಮ ಸೀಟು ಬಿಟ್ಟುಕೊಟ್ಟು ನಿಂತರು. ಏರಿಯಲ್ಲನ್ನು ಮಾತ್ರ ಎಬ್ಬಿಸಲಿಲ್ಲ.

ನಾನು ಹಾಸ್ಟೆಲಿನಲ್ಲಿ ಬೆಳೆದವನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ದೀಪ ಆರಿಸುವುದು. ಇವರ ಕೆಲಸಕ್ಕೆ ಅಂಥ ಗಂಟೆ ಇರಲಿಲ್ಲ. ಉಪಗ್ರಹ ಬಂದಾಗ ಬರುತ್ತಿತ್ತು. ಮುದ್ದೆ ಮುರಿದು ಬಾಯಿಗಿಡುವ ಹೊತ್ತಿಗೆ ಎದ್ದು ಓಡುತ್ತಿದ್ದರು. ಕಾಲು ಗಂಟೆ ಬಿಟ್ಟು ಬಂದು ಅದೇ ಆರಿದ ಮುದ್ದೆ ತಿನ್ನುತ್ತಿದ್ದರು. "ಊಟದ ಹೊತ್ತು ನೋಡಿಕೊಂಡು ಬರೋಕೆ ಅದೇನು ನೆಂಟರಾ?" ಎನ್ನುತ್ತಿದ್ದರು. ನನಗೆ ಮೊದಲ ವಾರ ಬಹಳ ಕಿರಿಕಿರಿಯಾಯಿತು. ಆಮೇಲೆ ಗೊತ್ತಾಯಿತು: ಅವರಿಗೂ ಶಿಸ್ತು ಇತ್ತು, ಗಡಿಯಾರ ಮಾತ್ರ ಮೇಲಿತ್ತು.

ಯಂತ್ರದ ತತ್ವವನ್ನು ಅವರು ನನಗೆ ವಿವರಿಸಿದ್ದು ಕೃಷ್ಣರಾಜನಗರದ ರೈಲ್ವೆ ಗೇಟಿನಲ್ಲಿ. ನಾಲೆಯ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದೆವು. ಗೇಟು ಹಾಕಿತ್ತು. ರೈಲು ಸಿಳ್ಳೆ ಹಾಕುತ್ತ ಬಂದು ನಮ್ಮನ್ನು ದಾಟಿ ಹೋಯಿತು. "ಕೇಳಿದ್ರಾ? ಬರುವಾಗ ಸಿಳ್ಳೆ ಏರು ದನಿಯಲ್ಲಿತ್ತು, ಹೋಗುವಾಗ ಇಳಿಯಿತು. ಉಪಗ್ರಹವೂ ಹೀಗೇ ಒಂದು ದನಿ ಕಳಿಸುತ್ತಾ ಹೋಗುತ್ತದೆ. ದನಿ ಯಾವಾಗ ಇಳಿಯಿತು, ಎಷ್ಟು ಬೇಗ ಇಳಿಯಿತು ಅಂತ ಅಳೆದರೆ, ಕೇಳುವವನು ಎಲ್ಲಿ ನಿಂತಿದ್ದಾನೆ ಅಂತ ಲೆಕ್ಕ ಹಾಕಬಹುದು." ಇಷ್ಟು ಹೇಳಿ, ಏರಿ ಇಳಿಯುವ ಆ ಸಿಳ್ಳೆಯನ್ನು ತಾವೇ ಹಾಕಿ ತೋರಿಸಿದರು. ಗೇಟ್‌ಮನ್ ಗಾಬರಿಯಿಂದ ಮತ್ತೆ ಹಳಿಯ ಕಡೆ ನೋಡಿದ. ಹನಗೋಡಿನ ಕಡೆಯ ಜನ ಅವರನ್ನು ಸಿಳ್ಳೆ ಮೇಷ್ಟ್ರು ಎಂದು ಕರೆದದ್ದು ಈ ಅಭ್ಯಾಸದಿಂದಲೇ.

ಆ ಕಾಲಕ್ಕೆ ಇದು ಸಣ್ಣ ಕೆಲಸವಲ್ಲ. ಕಾಡಿನ ಅಂಚಿನಲ್ಲಿ ಸರ್ವೆ ಮಾಡುವವರ ಕಷ್ಟ ನನಗೆ ಗೊತ್ತು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡ ಕಾಣಬೇಕು. ಮರ ಅಡ್ಡ, ಮಂಜು ಅಡ್ಡ, ಮಳೆಗಾಲವಂತೂ ಪೂರ್ತಿ ಅಡ್ಡ. ಉಪಗ್ರಹದ ದನಿ ಮೋಡ ದಾಟಿಕೊಂಡು ಬರುತ್ತದೆ. ಅಮೆರಿಕದವರು ಇಂಥ ಯಂತ್ರ ಮಾಡಿದ್ದರು, ಆದರೆ ಅದನ್ನು ತರಿಸುವ ಶಕ್ತಿ ಇವರ ಕಾಲೇಜಿಗೆ ಇರಲಿಲ್ಲ. ಇವರು ಹಳೆಯ ಮಿಲಿಟರಿ ರೇಡಿಯೊಗಳನ್ನು ಬಿಚ್ಚಿ ಕಟ್ಟಿದ್ದರು. ಲೆಕ್ಕಕ್ಕೆ ಕೈಯಲ್ಲಿ ತಿರುಗಿಸುವ ಒಂದು ಯಂತ್ರವಿತ್ತು. ಅದರ ಕರಕರ ಶಬ್ದ ಕೇಳಿದವರು ರಾಗಿ ಬೀಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಒಮ್ಮೆ ಹೆಗ್ಗಡದೇವನಕೋಟೆಯ ಕಡೆ, ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ, ಒಬ್ಬ ಹಿರಿಯ ಅಧಿಕಾರಿಗಳ ಬಳಿಗೆ ಅವರನ್ನು ಕರೆದುಕೊಂಡು ಹೋದೆ. ಆ ಅಧಿಕಾರಿಗಳು ಮೆಚ್ಚಿದರೆ ಯಂತ್ರಕ್ಕೆ ಸರ್ಕಾರದ ನೆರವು ಸಿಗುವ ಆಸೆಯಿತ್ತು. ಅಧಿಕಾರಿಗಳು ಕಾಫಿ ತರಿಸಿ, "ನಿಮ್ಮ ಯಂತ್ರ ಎಷ್ಟು ಕರಾರುವಾಕ್ಕಾಗಿ ಹೇಳುತ್ತೆ?" ಎಂದರು. ಮೇಷ್ಟ್ರು ಕಿಟಕಿಯ ಹೊರಗೆ ಬೆರಳು ತೋರಿಸಿ, "ಸದ್ಯಕ್ಕೆ ನಾವು ಇಲ್ಲಿಂದ ಆ ಲಾರಿ ನಿಂತಿರೋ ಜಾಗದ ಒಳಗೆ ಎಲ್ಲೋ ಇದ್ದೀವಿ ಅಂತ ಹೇಳುತ್ತೆ ಸಾರ್" ಎಂದರು. ಲಾರಿ ಬಹಳ ದೂರದಲ್ಲಿತ್ತು. ಅಧಿಕಾರಿಗಳು ನಕ್ಕು, "ಅದನ್ನು ನಮ್ಮ ಜವಾನನೂ ಹೇಳ್ತಾನಲ್ರೀ" ಎಂದರು. ಕಾಫಿ ಕುಡಿದು ಎದ್ದು ಬಂದೆವು.

ದಾರಿಯಲ್ಲಿ ನಾನು, "ಸ್ವಲ್ಪ ಕಡಿಮೆ ಮಾಡಿ ಹೇಳಬಹುದಿತ್ತು" ಎಂದೆ.

"ಲಾರಿಯನ್ನು ಹತ್ತಿರ ತರಬೇಕಿತ್ತಾ?" ಎಂದು ಕೇಳಿದರು. ಅವರಿಗೆ ಕೋಪ ಬಂದಿರಲಿಲ್ಲ. ತಪ್ಪು ಎಲ್ಲಿಂದ ಬರುತ್ತಿದೆ ಎಂದು ಅವರಿಗೆ ತಿಳಿದಿತ್ತು. ತಲೆಯೆಲ್ಲ ಅಲ್ಲೇ ಇತ್ತು.

ತಪ್ಪು ಬರುತ್ತಿದ್ದದ್ದು ಬಿಸಿಯಿಂದ. ಉಪಗ್ರಹದ ದನಿಯನ್ನು ಹೋಲಿಸಿ ನೋಡಲು ಯಂತ್ರದೊಳಗೆ ನಮ್ಮದೇ ಒಂದು ದನಿ ಇರಬೇಕು. ಹಾಡುವವರ ಸ್ವರ ಸರಿಯೋ ತಪ್ಪೋ ಎನ್ನಲು ತಂಬೂರಿಯ ಶ್ರುತಿ ನಿಂತಿರಬೇಕಲ್ಲ, ಹಾಗೆ. ಆ ಶ್ರುತಿ ಕೊಡುತ್ತಿದ್ದದ್ದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿದ್ದ ಒಂದು ಸ್ಫಟಿಕದ ಚೂರು. ಚಳಿಯಾದರೆ ಅದರ ಶ್ರುತಿ ಒಂದು ಕಡೆಗೆ ಜಾರುತ್ತಿತ್ತು, ಬಿಸಿಲಾದರೆ ಇನ್ನೊಂದು ಕಡೆಗೆ. ಕಾಲೇಜಿನಲ್ಲಿ ಅದನ್ನು ಕರೆಂಟಿನ ಒಲೆಯಲ್ಲಿ ಒಂದೇ ಹದದ ಬಿಸಿಯಲ್ಲಿ ಇಡುತ್ತಿದ್ದರು. ಬಂಡೆಯ ಬುಡದ ಹಳ್ಳಿಯಲ್ಲಿ ಕರೆಂಟು ಬಂದರೆ ಬಂತು. ಬ್ಯಾಟರಿಯಲ್ಲಿ ಬಿಸಿ ಮಾಡಿದರೆ ಬ್ಯಾಟರಿ ಉಳಿಯುತ್ತಿರಲಿಲ್ಲ.

ಒಂದು ದಿನ ಅವರು ತಂಬಾಕಿನ ಬ್ಯಾರನ್ ನೋಡಿದರು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಅದು ಎತ್ತರದ ಮಣ್ಣಿನ ಗೋಡೆಯ ಒಂದೇ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ ಬಾಗಿಲು ಮುಚ್ಚುತ್ತಾರೆ. ಹೊರಗಿನಿಂದ ಸೌದೆ ಉರಿಸಿದರೆ ತಗಡಿನ ಕೊಳವೆಗಳ ಮೂಲಕ ಬಿಸಿ ಒಳಗೆ ಹರಿಯುತ್ತದೆ. ಮೊದಲು ಸೊಪ್ಪು ಹಳದಿಯಾಗುವವರೆಗೆ ಸಣ್ಣ ಬಿಸಿ, ಏರುಪೇರಿಲ್ಲದೆ. ಹಳದಿಯಾದ ತಕ್ಷಣ ಬಿಸಿ ಏರಿಸಿ ಆ ಬಣ್ಣವನ್ನು ನಿಲ್ಲಿಸಬೇಕು. ತಡವಾದರೆ ಸೊಪ್ಪು ಕಂದಾಗಿ ಕೆಡುತ್ತದೆ. ಮೇಷ್ಟ್ರಿಗೆ ಬೇಕಾಗಿದ್ದದ್ದು ಆ ಮೊದಲ ಹಂತದ ಬಿಸಿ.

ಬ್ಯಾರನ್ ದೇವೀರಮ್ಮನದು. ಗಂಡ ಸತ್ತ ಮೇಲೆ ಆಕೆಯೇ ಬೇಯಿಸುತ್ತಿದ್ದರು. ಕಾಡಂಚಿನ ಗಿರಿಜನರ ಹಾಡಿಯ ಬೊಮ್ಮ ಸೌದೆ ಹಾಕುತ್ತಿದ್ದ. ಗಂಡನ ಅಣ್ಣ ಕಾಳೇಗೌಡರಿಗೆ ಇದು ಸರಿಬಂದಿರಲಿಲ್ಲ. ಸೊಪ್ಪು ಕೊಳ್ಳುವ ಕಂಪನಿಯವರು ಬ್ಯಾರನ್ನನ್ನು ಯಾರ ಹೆಸರಿಗೆ ನೋಂದಾಯಿಸುತ್ತಾರೋ ಅವರಿಗೇ ಬೀಜ, ಗೊಬ್ಬರ, ಮುಂದಿನ ವರ್ಷದ ಖರೀದಿ. ಹೆಸರು ತಮಗೆ ಬರಬೇಕೆಂದು ಗೌಡರು ಆಗಲೇ ಕಂಪನಿಯವರ ಕಿವಿಯಲ್ಲಿ ಊದುತ್ತಿದ್ದರು. ಒಂದು ಬ್ಯಾರನ್ ಸೊಪ್ಪು ಕೆಟ್ಟರೆ ಅವರಿಗೆ ಅಷ್ಟೇ ಸಾಕಿತ್ತು.

ಮೇಷ್ಟ್ರು ತಮ್ಮ ಪೆಟ್ಟಿಗೆ ಹಿಡಿದುಕೊಂಡು ಅನುಮತಿ ಕೇಳಿದಾಗ ದೇವೀರಮ್ಮ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದರು.

"ಇದ್ರಿಂದ ಸೊಪ್ಪಿಗೇನಾರ ವಾಸ್ನೆ ಇಡೀತದಾ?"

"ಇಲ್ಲಮ್ಮ. ಸೊಪ್ಪಿನ ವಾಸನೆ ಇದಕ್ಕೆ ಹಿಡಿಯಬಹುದು."

"ಹಂಗಾರೆ ಇಡಿ. ಸೊಪ್ಪು ಹಳದಿ ಆಗೋಗಂಟ ನಿಮ್ದು. ಆಮೇಕೆ ನಾ ಉರಿ ಏರ್ಸ್‌ಬೇಕು, ಆಗ ಯೋಳ್ತೀನಿ, ಕಿತ್ಕಂಡ್‌ಬುಡಿ."

ಥರ್ಮಾಮೀಟರ್ ನೋಡಲು ಗೋಡೆಯಲ್ಲೊಂದು ಗಾಜಿನ ಕಿಂಡಿ ಇತ್ತು. ಅದರ ಒಳಗಡೆಯ ಗೂಡಿನಲ್ಲಿ ಪೆಟ್ಟಿಗೆ ಕುಳಿತಿತು. ತಂತಿ ಕಿಂಡಿಯಿಂದ ಹೊರಬಂತು. ಪಕ್ಕದ ಜಗುಲಿಯ ಮೇಲೆ ಯಂತ್ರ, ಅಂಗಳದಲ್ಲಿ ಏರಿಯಲ್. ಏರಿಯಲ್ಲಿನಿಂದ ಬಂಡೆಯ ಮೇಲಿನ ಕಲ್ಲಿಗೆ ಎಷ್ಟು ದೂರ, ಯಾವ ದಿಕ್ಕು ಎಂದು ಅಳೆದುಕೊಟ್ಟದ್ದು ನಾನು. ಬಿಸಿ ಏರಿಸುವ ಹೊತ್ತಿಗೆ ದೇವೀರಮ್ಮ "ಪೆಟ್ಗೆ ತಗೀರಿ ಸ್ವಾಮಿ" ಎಂದು ಕೂಗುತ್ತಿದ್ದರು; ಇವರು ಮರುಮಾತಿಲ್ಲದೆ ಕೈ ಹಾಕಿ ತೆಗೆಯುತ್ತಿದ್ದರು. ಮೊದಲ ಕೆಲವು ಬ್ಯಾರನ್ ಹೀಗೇ ನಡೆದವು. ಸೊಪ್ಪು ನಿಂಬೆಹಣ್ಣಿನ ಬಣ್ಣದಲ್ಲಿ ಬಂತು. ಮೇಷ್ಟ್ರ ತಪ್ಪೂ ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಬಂತು. ಬೊಮ್ಮ ಉಪಗ್ರಹ ಕೇಳಲು ಕಲಿತ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಇದು ಕೊಡಗ್ನಾಗಿಂದ ಬರ್ತಾ ಅದೆ" ಎನ್ನುತ್ತಿದ್ದ. ಉಪಗ್ರಹಗಳು ಹೋಗುವುದು ಉತ್ತರ ದಕ್ಷಿಣವಾಗಿ ಎಂದು ಮೇಷ್ಟ್ರು ಅವನಿಗೆ ಹೇಳಲೇ ಇಲ್ಲ. ನಾನು ಕೇಳಿದ್ದಕ್ಕೆ, "ಅವನಿಗೆ ಅಷ್ಟು ಖುಷಿ ಇದೆ, ನನಗೇನು ನಷ್ಟ?" ಎಂದರು.

ಸೊಪ್ಪಿನ ಕಾಲ ಮುಗಿಯುತ್ತ ಬಂದಿತ್ತು, ಅವರಿಗೆ ಸಮಯ ಹೆಚ್ಚಿರಲಿಲ್ಲ. ಮೇಲಾಗಿ ಕಾಲೇಜಿನ ಪ್ರಿನ್ಸಿಪಾಲರು ಒಂದು ಷರತ್ತಿನ ಮೇಲೆ ಹೊರಗಿನ ಕೆಲಸಕ್ಕೆ ಬಿಟ್ಟಿದ್ದರು: ರೈತರಿಂದಾಗಲಿ ಇಲಾಖೆಯಿಂದಾಗಲಿ ಒಂದು ದೂರು ಬಂದರೂ ಕೆಲಸ ನಿಲ್ಲಬೇಕು. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಸಾಲಿನ ಕೊನೆಯ ಬ್ಯಾರನ್ ತುಂಬಿ ಉರಿ ಹಾಕಿ ಒಂದು ದಿನವಾದಾಗ ಮೇಷ್ಟ್ರು ಜಗುಲಿಯಲ್ಲಿ ಕುಳಿತು, ಯಾರಿಗೆಂದಿಲ್ಲದೆ, "ನಾಳೆ ಸಂಜೆವರೆಗೂ ಬಿಸಿ ಹೀಗೇ ಇದ್ದುಬಿಟ್ಟರೆ ಸಾಕು, ನನ್ನ ಕೆಲಸ ಮುಗಿಯುತ್ತೆ" ಎಂದರು. ಅದು ಆಸೆಯ ಮಾತು. ದೇವೀರಮ್ಮ ಅಲ್ಲೇ ಕಡ್ಡಿ ಎಣಿಸುತ್ತಿದ್ದರು.

ಮರುದಿನ ನಾನು ಪಿರಿಯಾಪಟ್ಟಣದ ಕಡೆ ಒಂದು ಕೆರೆಯ ತೂಬಿನ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ಮೇಷ್ಟ್ರು ಜಗುಲಿಯ ಮೇಲೆ ನಿಂತು ಸಿಳ್ಳೆ ಹಾಕುತ್ತಿದ್ದರು. ಇಡೀ ದಿನ ಶ್ರುತಿ ಕದಲಿರಲಿಲ್ಲ. ಬಂದ ಉಪಗ್ರಹವನ್ನೆಲ್ಲ ಕೇಳಿದ್ದರು. ರಾತ್ರಿ ಊಟ ಬಿಟ್ಟು ಲೆಕ್ಕ ತಿರುಗಿಸಿದರು. ಬೆಳಿಗ್ಗೆ ನನ್ನನ್ನು ಅಂಗಳಕ್ಕೆ ಕರೆದು, "ಈಗ ಲಾರಿಯ ಮಾತಿಲ್ಲ. ನಾವು ಈ ಅಂಗಳದೊಳಗೆ ಇದ್ದೀವಿ ಅಂತ ಹೇಳುತ್ತೆ" ಎಂದರು. ಅವರು ನನ್ನ ಕೈ ಕುಲುಕಿದ್ದು ಅದೊಂದೇ ಸಲ.

ಬ್ಯಾರನ್ ಬಾಗಿಲು ತೆಗೆದದ್ದು ಕೆಲವು ದಿನದ ಮೇಲೆ. ಬೊಮ್ಮ ಒಂದೊಂದೇ ಕಡ್ಡಿ ಇಳಿಸಿ ಕೊಡುತ್ತಿದ್ದ. ಸೊಪ್ಪು ಕಂದಾಗಿತ್ತು, ಮಳೆಯಲ್ಲಿ ನೆನೆದ ಗೋಣಿಯ ಬಣ್ಣ. ಬೇಲಿಯ ಆಚೆಯಿಂದ ಕಾಳೇಗೌಡರು ನೋಡಿದರು.

"ಎಂಗಸ್ರು ಬ್ಯಾರನ್ ಬೇಯ್ಸದು ಅಂದ್ರೆ ಇದೇಯ. ಮುದ್ದೆ ಬೇಯ್ಸ್‌ದಂಗೆ ಅಂದ್ಕಂಡವ್ರೆ!"

ದೇವೀರಮ್ಮ ಮುಂದಿನ ಕಡ್ಡಿಗೆ ಕೈ ಚಾಚಿದರು. ಮೇಷ್ಟ್ರು ಒಂದು ಎಲೆ ತೆಗೆದುಕೊಂಡು, "ಇದು ಯಾಕಮ್ಮ ಹೀಗಾಯ್ತು?" ಎಂದು ಕೇಳಿದರು.

"ಏನಿಲ್ಲ ಸ್ವಾಮಿ. ಮಳೆ ಸೊಪ್ಪು, ಒಂದೊಂದ್ ಸಲ ಇಂಗಾಯ್ತದೆ. ನೀವು ಕಾಪಿ ಕುಡೀರಿ."

ಅವರು ಬೊಮ್ಮನ ಕಡೆ ತಿರುಗಿದರು. "ಹಳದಿ ಆದದ್ದು ಯಾವಾಗ?"

"ಅವತ್ತು ವತ್ತಾರೆನೇ ಆಗಿತ್ತಲ್ಲ ಸ್ವಾಮಿ."

"ಮತ್ತೆ ಉರಿ ಯಾಕೆ ಏರಿಸಲಿಲ್ಲ?"

ಬೊಮ್ಮ ದೇವೀರಮ್ಮನ ಮುಖ ನೋಡಿದ. "ನೀವೇ ಅಂದ್ರಲ್ಲ, ಸಂಜೆಗಂಟ ಇಂಗೇ ಇರ್ಲಿ ಅಂತ. ಅಮ್ಮಾರು ಉರಿ ಮುಟ್‌ಬ್ಯಾಡ ಅಂದ್ರು."

ಮೇಷ್ಟ್ರು ಕೈಯಲ್ಲಿದ್ದ ಎಲೆಯನ್ನು ಕಡ್ಡಿಯ ಮೇಲೆ ಇಟ್ಟರು. ದೇವೀರಮ್ಮ ಬೊಮ್ಮನನ್ನು ಗದರಿಸಿ, ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಇಷ್ಟ್ ದಿನದಿಂದ ಬತ್ತಾ ಇದ್ದೀರಿ. ಒಂದ್ ಲೋಟ ನೀರ್‌ನೂ ಬಾಯ್ಬುಟ್ಟು ಕೇಳ್ನಿಲ್ಲ. ಏನೂ ಕೇಳ್ದೇ ಇದ್ದೋರು ಕೇಳವ್ರೆ, ಇಲ್ಲ ಅನ್ನಕಾಯ್ತದಾ ಸ್ವಾಮಿ? ಬುಡಿ ಅತ್ಲಾಗೆ."

ಮನೆಗೆ ಬಂದವರ ಬಾಯಿಂದ ಹೊರಟ ಮಾತನ್ನು ನಮ್ಮ ಹಳ್ಳಿಗಳಲ್ಲಿ ಹಾಗೇ ಬಿಡುವುದಿಲ್ಲ. ಆಸೆಯನ್ನು ಕೇಳಿಕೆ ಎಂದು ತಿಳಿಯುವುದು ಅಲ್ಲಿ ಮರ್ಯಾದೆ. ಮೈಸೂರಿನ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಅವರು ಆ ದಿನ ಯಂತ್ರ ಬಿಚ್ಚಿ ಗಂಟುಮೂಟೆ ಕಟ್ಟಿದರು. ಕಂಪನಿಗೆ ಯಾವತ್ತು ಸೊಪ್ಪು ಹಾಕುತ್ತೀರಿ, ಎಲ್ಲಿ ಎಂದು ಮಾತ್ರ ಕೇಳಿಕೊಂಡರು.

ಸೊಪ್ಪು ಹಾಕುವ ದಿನ ಕಂಪನಿಯ ಉಗ್ರಾಣದ ಅಂಗಳದಲ್ಲಿ ಮೇಷ್ಟ್ರು ಸ್ಫಟಿಕದ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದರು. ದರ್ಜೆ ಕಟ್ಟುವ ಯುವಕ ದೇವೀರಮ್ಮನ ಬೇಲಿನಿಂದ, ಅಂದರೆ ಸೊಪ್ಪಿನ ಮೂಟೆಯಿಂದ, ಎಲೆ ತೆಗೆದು ಬೆರಳಲ್ಲಿ ಉಜ್ಜಿದ, ಮುಖ ಕಿವಿಚಿದ.

"ಬ್ಯಾರನ್ ಯಾರು ನೋಡಿದ್ದು?"

"ನಾನೇ ಕಣಪ್ಪ" ಎಂದರು ದೇವೀರಮ್ಮ.

ಕಾಳೇಗೌಡರು ಮುಂದೆ ಬಂದರು. "ಅದೇಯ ಸ್ವಾಮಿ ನಾ ಯೋಳ್ತಾ ಇರದು. ಈ ಯಮ್ಮುಂಗೆ ಉರಿ ಗೊತ್ತಾಗಲ್ಲ. ಮುಂದಿನ್ ವರ್ಸಕ್ಕೆ ಬ್ಯಾರನ್ ನನ್ ಎಸ್ರಿಗೆ ಬರ್ಕಳಿ, ಇಂತಾ ಸೊಪ್ಪು ತಂದ್ರೆ ಕೇಳಿ."

ಯುವಕ ತಲೆಯಾಡಿಸಿ ಪೆನ್ನು ತೆಗೆದ. ಆಗ ಮೇಷ್ಟ್ರು, "ಸ್ವಲ್ಪ ನಿಲ್ಲಿ" ಎಂದರು. "ಈ ಸೊಪ್ಪು ಕೆಟ್ಟದ್ದು ನನ್ನಿಂದ. ಉರಿ ಏರಿಸಬೇಕಾದ ದಿನ ಏರಿಸಲಿಲ್ಲ. ನಾನು ಆ ಬ್ಯಾರನ್ನಿನಲ್ಲಿ ಉಪಗ್ರಹದ ಕೆಲಸ ಮಾಡುತ್ತಿದ್ದೆ."

"ಉಪಗ್ರಹಕ್ಕೂ ಹೊಗೆಸೊಪ್ಪಿಗೂ ಏನ್ರೀ ಸಂಬಂಧ?" ಎಂದ ಯುವಕ.

ಅಂಗಳದಲ್ಲಿದ್ದವರು ನಕ್ಕರು. "ಅಲ್ಲೂ ಬೀಡಿ ಸೇದ್ತಾರೇನೋ!" ಎಂದ ಒಬ್ಬ. ಮೇಷ್ಟ್ರು ನಗು ನಿಲ್ಲುವವರೆಗೆ ಕಾದು, ತರಗತಿಯಲ್ಲಿ ಹೇಳುವಂತೆ ಸ್ಫಟಿಕ, ಬಿಸಿ, ಶ್ರುತಿ ಎಲ್ಲವನ್ನೂ ಹೇಳಿದರು. ಆ ಯುವಕನಿಗೆ ಎಷ್ಟು ತಿಳಿಯಿತೋ ಕಾಣೆ. ಕೊನೆಗೆ ಅವರು, "ಇದೇ ಬ್ಯಾರನ್ನಿನ ಹಿಂದಿನ ಸೊಪ್ಪು ಆ ಬೇಲುಗಳಲ್ಲಿದೆ. ಬಿಚ್ಚಿ ನೋಡಿ. ಬೇಯಿಸಿದ ಕೈ ಅದೇ. ನಾನು ಮಾತಾಡಿದ ದಿನ ಮಾತ್ರ ಕೆಟ್ಟಿದೆ" ಎಂದರು.

ಬೇಲು ಬಿಚ್ಚಿದರು. ಹಳದಿ ಎಲೆಗಳು ಹೊರಬಂದವು. ಯುವಕ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. "ಈ ಮೂಟೆಗೆ ಕಮ್ಮಿ ದರ್ಜೆಯೇ, ಅದರಲ್ಲಿ ಮಾತಿಲ್ಲ. ಬ್ಯಾರನ್ ಹೆಸರು ಬದಲಾಯಿಸೋದು ಬೇಕಿಲ್ಲ" ಎಂದು ಪೆನ್ನು ಜೇಬಿಗಿಟ್ಟ.

ಕಾಳೇಗೌಡರಿಗೆ ಸಿಟ್ಟು ಬಂತು. "ಹಂಗಾರೆ ತಪ್ಪು ನಿಮ್ದು ಅಂತಾಯ್ತು. ರೈತ್ರು ಬೆಳೆ ಆಳ್ ಮಾಡಕ್ಕೆ ನಿಮ್ ಕಾಲೇಜ್‌ನೋರು ಕಳ್ಸವ್ರಾ? ಬರೀತೀನಿ ಕಣ್ರೀ ನಾನು, ಬುಡಾಕಿಲ್ಲ."

"ಬರೀರಿ" ಎಂದರು ಮೇಷ್ಟ್ರು. "ಪ್ರಿನ್ಸಿಪಾಲರ ಹೆಸರಿಗೇ ಬರೀರಿ. ವಿಳಾಸ ಹೇಳ್ತೀನಿ, ಬರ್ಕೊಳ್ಳಿ." ಗೌಡರ ಹತ್ತಿರ ಕಾಗದವಿರಲಿಲ್ಲ. ತಮ್ಮ ಜೇಬಿನಿಂದ ಒಂದು ಚೀಟಿ ತೆಗೆದು, ಅದರ ಮೇಲೆ ಕಾಲೇಜಿನ ವಿಳಾಸವನ್ನು ದುಂಡಗೆ ಬರೆದು ಕೊಟ್ಟರು.

ದೇವೀರಮ್ಮ ಅವರ ಮೇಲೇ ಹರಿಹಾಯ್ದರು. "ನಿಮ್ಮುನ್ನ ಯಾರ್ ಕೇಳಿದ್ರು ಸ್ವಾಮಿ? ನಮ್ ಮನೆ ಜಗಳ ಇವತ್ತಿಂದಲ್ಲ. ನಿಮ್ ಕೆಲ್ಸ ಕೆಟ್ಟೋಯ್ತದಲ್ಲ!"

"ಕೆಲಸ ಮುಗಿದಿದೆ ಕಣಮ್ಮ" ಎಂದರು ಅವರು. ಅದು ನಿಜವಲ್ಲ. ಒಂದು ಜಾಗದಲ್ಲಿ ಒಂದು ಸಲ ಸರಿಬಂದದ್ದನ್ನು ಯಾರೂ ಒಪ್ಪುವುದಿಲ್ಲ. ಮುಂದಿನ ವರ್ಷ ಇನ್ನೆರಡು ಕಲ್ಲುಗಳ ಬಳಿ ಮಾಡಿ ತೋರಿಸಬೇಕೆಂದು ನನಗೆ ಅವರೇ ಹೇಳಿದ್ದರು.

ಗೌಡರ ಪತ್ರ ಹೋಯಿತು. ಅನುಮತಿ ರದ್ದಾಯಿತು. ಯಂತ್ರ ಕಾಲೇಜಿನ ಬೀರು ಸೇರಿತು. ಅದನ್ನು ಮತ್ತೆ ಹೊರಗೆ ತರಲು ಅವರಿಗೆ ಅವಕಾಶ ಸಿಗಲಿಲ್ಲ. ನಿವೃತ್ತಿಯ ತನಕ ಪಾಠ ಹೇಳಿದರು. ದೇವೀರಮ್ಮನ ಬ್ಯಾರನ್ ಮರುವರ್ಷವೂ ಅವರ ಹೆಸರಿನಲ್ಲೇ ನಡೆಯಿತು.

ಆ ದಿನ ಉಗ್ರಾಣದಿಂದ ಹುಣಸೂರಿನ ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ನನ್ನ ಊಟದ ಹೊತ್ತು ಮೀರಿತ್ತು. ನಾನು ಅದನ್ನು ಹೇಳಲಿಲ್ಲ. ಮೈಸೂರಿನ ಬಸ್ಸು ಕಾಣುವ ಹೊತ್ತಿಗೆ ತಡೆಯಲಾರದೆ ಕೇಳಿದೆ: "ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಸಾರ್? ಆ ಯಮ್ಮನೇ ಸುಮ್ಮನಿದ್ದರು."

"ಅವರು ನನಗೋಸ್ಕರ ಸುಮ್ಮನಿದ್ದರು" ಎಂದರು. "ಇಬ್ಬರೂ ಸುಮ್ಮನಿದ್ದರೆ ಹೇಗೆ?"

ಬಸ್ಸು ಬಂದು ನಿಂತಿತು. ಒಳಗೆ ಹತ್ತಿ ಕುಳಿತು, ಸ್ಫಟಿಕದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳದಿಣ್ಣೆಯ ರಸ್ತೆಯಲ್ಲಿ ಕುಲುಕದಂತೆ ಎರಡೂ ಕೈಯಲ್ಲಿ ಹಿಡಿದರು.